ಲಾಂಬಿಸ್ ಹಬ್ಬ ಮಾಡುವುದಿಲ್ಲ

ಆನೋ ಅಗ್ರಿಲ್ಯಾ, ಎವಿಯಾ
ಮಾರ್ಚ್ ೧೯, ಭಾನುವಾರ

ನನ್ನ ಮಗಳು ಅಸಿಮಿನಾಳಿಗೆ,

ಹೇಗಿದ್ದೀಯ ಮಗಳೇ? ಸೊಂಟ ನೋವು ಇಳಿಯಿತೋ, ಇಲ್ಲ ಆ ಜರ್ಮನ್ ಡಾಕ್ಟರು ಇನ್ನೂ ಬರೀ ನೀರು ಕುಡಿ ಅಂತಲೇ ಹೇಳುತ್ತಿದ್ದಾನೋ? ಸ್ಟುಟ್‌ಗಾರ್ಟಿನ ಚಳಿ ಹೇಗಿದೆ? ನಿನ್ನ ಗಂಡ ಹೋರ್ಸ್ಟ್‌ಗೆ ನಾನು ಕೇಳಿದೆ ಅಂತ ಹೇಳು. ಒಳ್ಳೆಯವನು, ನಮ್ಮ ಮಾತು ತಿಳಿಯುವುದಿಲ್ಲ ಅಷ್ಟೆ. ನಾನು ಚೆನ್ನಾಗಿದ್ದೇನೆ. ಎಡಮಂಡಿ ಕೆಟ್ಟಿದೆ, ಬಲಗಿವಿ ಕೇಳುವುದಿಲ್ಲ, ಉಳಿದದ್ದೆಲ್ಲ ಜೀವಂತ. ಇದನ್ನು ಮೊದಲಿಗೇ ಬರೆದು ಹಾಕಿದೆ, ಏಕೆಂದರೆ ಹೋದ ತಿಂಗಳು ನನಗಾಗಿ ಕಪ್ಪು ಬಟ್ಟೆ ಹುಡುಕಿದವಳು ನೀನು. ಆವತ್ತು ಫೋನಿನಲ್ಲಿ ನಿನಗೆ ಗೊತ್ತಾದದ್ದು ಅರ್ಧ ಕಥೆ. ಪೂರ್ತಿ ಹೇಳೋಣವೆಂದರೆ ನೀನು ಅಳುತ್ತೀಯ, ನಾನು ಕೂಗುತ್ತೇನೆ, ಲೈನು ಕಟ್ಟಾಗುತ್ತದೆ. ಕಾಗದವಾದರೆ ನನ್ನ ಮಾತಿಗೆ ಯಾರೂ ಅಡ್ಡ ಬಾಯಿ ಹಾಕುವುದಿಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಎಣ್ಣೆ ಗಾಣಕ್ಕೆ ಹೋದವನು ನಾನು. ಕಾಗುಣಿತ ತಪ್ಪಿದ್ದ ಕಡೆ ನುಂಗಿಕೊಂಡು ಓದು.

ನಿನ್ನ ಮಗನ ವಿಷಯಕ್ಕೇ ಬರುತ್ತೇನೆ. ಈಸ್ಟರ್ ಮುಗಿದ ಮೇಲೆ ಬಂದು ಅವನನ್ನು ಕರೆದುಕೊಂಡು ಹೋಗುತ್ತೇನೆ, ಹೋರ್ಸ್ಟ್‌ನ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿಡುವ ಕೆಲಸವಿದೆ, ಹೇಗೋ ನನ್ನ ಕಣ್ಣೆದುರಿಗಿರುತ್ತಾನೆ ಅಂದೆ ನೀನು. ಟಿಕೆಟ್ಟನ್ನೂ ತೆಗೆಸಿದೆ. ನಾನು ಆಗ ಹೂಂ ಅಂದಿದ್ದೆ. ಅನ್ನದೆ ಏನು ಮಾಡಲಿ? ಹಾಲ್ಕಿದಾ ಪೇಟೆಯಲ್ಲಿ ತನ್ನ ಸಿಹಿತಿಂಡಿ ಅಂಗಡಿ ಮುಚ್ಚಿ, ಮದುವೆಯಾಗಬೇಕಿದ್ದ ಹುಡುಗಿಯೂ ಕೈಬಿಟ್ಟು, ಒಂದು ಸೂಟ್‌ಕೇಸ್ ಹಿಡಿದುಕೊಂಡು ಆಲಿವ್ ಬಿಡಿಸುವ ಕಾಲಕ್ಕೆ ಬಂದವನು ನಿನ್ನ ಹಳೇ ಕೋಣೆ ಸೇರಿ ಗೋಡೆ ನೋಡುತ್ತ ಬಿದ್ದುಕೊಂಡ. ಅಂಗಡಿಗೆ ಕಳಿಸಿದರೆ ಕಾಫಿ ಅಂಗಡಿಯ ಮುಂದೆ ಹಾಯಬೇಕಾಗುತ್ತದೆಂದು ಹಿಂದಿನ ಓಣಿಯಿಂದ, ಕೋಳಿಗಳ ನಡುವಿನಿಂದ ಸುತ್ತಿ ಹೋಗುತ್ತಿದ್ದ. ಕಲಿಯೋಪಿ ಗೊತ್ತಲ್ಲ, ನಮ್ಮ ಪಕ್ಕದ ಮನೆಯವಳು, ಅವಳು ಕ್ರಿಸ್ಮಸ್ಸಿಗೆ ಬಂದು, "ಲಾಂಬಾಕಿ, ಒಂದಿಷ್ಟು ಬಿಸ್ಕತ್ತು ಮಾಡಿಕೊಡೋ" ಅಂತ ಕೇಳಿದರೆ, "ಬೇರೆಯವರಿಗೆ ಹೇಳಿ ಅತ್ತೆ, ನಾನು ಮುಟ್ಟಿದ್ರೆ ಕೆಡುತ್ತೆ" ಅಂದ. ಊಟಕ್ಕೆ ಕರೆದರೂ ಅದೇ ರಾಗ: "ನನ್ನನ್ನ ಲೆಕ್ಕಕ್ಕೆ ತಗೋಬೇಡಿ ತಾತ." ಒಂದು ಬಟ್ಟಲು ಬೇಳೆಗೂ ಲೆಕ್ಕಕ್ಕಿಲ್ಲದವನಂತೆ! ನಾನು ಬೈದೆ. ಬಾಗಿಲಿಗೆ ಒದ್ದೆ. "ಎದ್ದೇಳೋ, ಗೋಡೆ ಬಿದ್ದುಹೋಗಲ್ಲ, ನೀನು ನೋಡ್ತಾ ಕೂತಿರಬೇಕಾಗಿಲ್ಲ" ಅಂತ ಕೂಗಿದೆ. ನನಗೆ ಬರುವುದು ಅಷ್ಟೇ. ನಿನ್ನ ಅಮ್ಮ ಇದ್ದಿದ್ದರೆ ಬೇರೆ ಏನಾದರೂ ಮಾಡುತ್ತಿದ್ದಳು. ಅವಳಿಲ್ಲ.

ಈಗ ಫೆಬ್ರವರಿ ಹತ್ತರ ಕಥೆ. ಸಂತ ಹರಾಲಾಂಬೊಸ್‌ನ ದಿನ, ನನಗೂ ನಿನ್ನ ಮಗನಿಗೂ ಆ ಸಂತನ ಹೆಸರು, ಹಾಗಾಗಿ ಇಬ್ಬರಿಗೂ ಹೆಸರಿನ ಹಬ್ಬ. ಇದನ್ನು ಹೋರ್ಸ್ಟ್‌ಗೆ ಓದಿ ಹೇಳುವಾಗ ಇಷ್ಟು ಬಿಡಿಸಿ ಹೇಳು: ನಮ್ಮಲ್ಲಿ ಹೆಸರಿನ ಹಬ್ಬದ ದಿನ ಯಾರನ್ನೂ ಕರೆಯುವುದಿಲ್ಲ. ಬಾಗಿಲು ತೆರೆದಿಡುತ್ತೇವೆ, ಊರೇ ಬರುತ್ತದೆ, ಬಂದವರಿಗೆ ಸಿಹಿ ಕೊಡುತ್ತೇವೆ. ಅವತ್ತು ಹಬ್ಬವಿಲ್ಲ ಎಂದು ಬಾಗಿಲಿಗೆ ಚೀಟಿ ಅಂಟಿಸುವುದು ಸಾವಿನ ಮನೆಯವರು ಮಾತ್ರ. ಇನ್ನೊಂದು, ಹರಾಲಾಂಬೊಸ್ ಮೊಟಕಾಗಿ ಊರಿಗೆ ನಾನು ಲಾಂಬಿಸ್. ನಿನ್ನ ಮಗ ಲಾಂಬಾಕಿಸ್, ಅಂದರೆ ಪುಟ್ಟ ಲಾಂಬಿಸ್. ತಲೆಯಲ್ಲಿ ನರೆ ಬಂದರೂ ಪುಟ್ಟನೇ.

ಆವತ್ತು ಬೆಳಗ್ಗೆ ನಾನು ಪ್ರತಿ ವರ್ಷದ ಹಾಗೆ ಗುಡ್ಡದ ಮೇಲಿನ ನಮ್ಮ ಸಂತನ ಪುಟ್ಟ ಗುಡಿಗೆ ದೀಪ ಹಚ್ಚಲು ಹೋದೆ. ಊರ ಚರ್ಚಿಗೆ ಹೋಗಲಿಲ್ಲ, ಕಾಫಿ ಅಂಗಡಿಗೂ ಹೋಗಲಿಲ್ಲ, ಯಾರ ಕಣ್ಣಿಗೂ ಬೀಳಲಿಲ್ಲ. ಅಲ್ಲಿ ಕುರಿ ಕಾಯುವ ಸ್ತಾಥಿಸ್ ಸಿಕ್ಕಿದ. ಹಬ್ಬದ ಮನುಷ್ಯನನ್ನು ಒಣಗಂಟಲಲ್ಲಿ ಕಳಿಸಬಾರದೆಂದು ಬಾಟ್ಲಿ ತೆಗೆದ. ಕುಡಿಯುತ್ತ ಕೂತಿದ್ದಾಗ ಕೆಳಗೆ ಊರಿನಲ್ಲಿ ಗಂಟೆ ಬಡಿಯಿತು. ಒಂದೊಂದೇ ಏಟು, ಬಿಟ್ಟು ಬಿಟ್ಟು. ಸಾವಿನ ಗಂಟೆ. ಇಬ್ಬರೂ ಟೋಪಿ ತೆಗೆದೆವು. "ಯಾರೋ ಹೋದ್ರು" ಅಂದ ಸ್ತಾಥಿಸ್. "ಕಾಫಿ ಅಂಗಡಿ ಪಾನಾಯೋತಿಸ್ ಇರ್ಬೇಕು, ಮೊನ್ನೆಯಿಂದ ಕೆಮ್ತಾ ಇದ್ದ" ಅಂದೆ ನಾನು. ಯಾರಾದರೇನು, ಹೋದವನ ಆತ್ಮಕ್ಕೆ ಶಾಂತಿ ಸಿಗಲಿ ಎಂದು ಇನ್ನೊಂದು ಲೋಟ ಏರಿಸಿದೆವು. ಮಗಳೇ, ನನ್ನ ಆತ್ಮಕ್ಕೆ ನಾನೇ ಕುಡಿದೆ. ಒಳ್ಳೆಯ ದ್ರಾಕ್ಷಿ ಸಾರಾಯಿ, ದೂರುವ ಹಾಗಿಲ್ಲ.

ಇಳಿದು ಬಂದರೆ ನಮ್ಮ ಬೀದಿಯಲ್ಲಿ ಜನ. ಎಲ್ಲ ಕಪ್ಪು ಬಟ್ಟೆ. ಪಾದ್ರಿ ಪಾಪಾ ಗ್ರಿಗೋರಿಸ್ ಧೂಪದ ಬಟ್ಟಲು ಹಿಡಿದು ನಮ್ಮ ಮನೆ ಮೆಟ್ಟಿಲ ಮೇಲೆ ನಿಂತಿದ್ದಾರೆ. ಕಿಟಕಿ ಎಲ್ಲ ಮುಚ್ಚಿದೆ. ಎಲ್ಲರೂ ಬಾಗಿಲ ಕಡೆ ಮುಖ ಮಾಡಿ ಪಿಸುಗುಟ್ಟುತ್ತಿದ್ದಾರೆ, ಹಿಂದೆ ಬಂದ ನನ್ನನ್ನು ಯಾರೂ ನೋಡಲಿಲ್ಲ. ಗುಂಪಿನ ಕೊನೆಯಲ್ಲಿ ಹೊಸ ಔಷಧಿ ಅಂಗಡಿಯವನು ನಿಂತಿದ್ದ. ಅಥೆನ್ಸಿನಿಂದ ಬಂದ ಹುಡುಗ, ನನ್ನ ಗುರುತಿಲ್ಲ. ಅವನು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, "ಉಳಿದ ನಿಮಗೆ ದೇವರು ಆಯಸ್ಸು ಕೊಡಲಿ ಅಜ್ಜ. ಲಾಂಬಿಸ್ ತುಂಬಾ ಒಳ್ಳೆಯವರಾಗಿದ್ರಂತೆ" ಅಂದ.

ಒಂದು ಕ್ಷಣ ನಿಂತೆ. ಲಾಂಬಿಸ್ ಸತ್ತಿದ್ದಾನೆ. ಲಾಂಬಿಸ್ ನಾನು, ನಾನು ಇಲ್ಲಿ ನಿಂತಿದ್ದೇನೆ. ಆ ಮನೆಯಲ್ಲಿ ಲಾಂಬಿಸ್ ಎನ್ನುವ ಹೆಸರಿನವನು ಇನ್ನೊಬ್ಬನೇ ಇರುವುದು.

ಇದನ್ನು ನಿನಗೆ ಬರೆಯಬೇಕೋ ಬೇಡವೋ ಎಂದು ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಕೂತಿದ್ದೆ. ಬರೆಯುತ್ತೇನೆ. ಬೆಳಗ್ಗೆ ಹೊರಡುವಾಗ ಅವನ ಬಾಗಿಲ ಹೊರಗಿನಿಂದ, "ಹಬ್ಬದ ದಿನವೂ ಹೀಗೆ ಬಿದ್ದಿರೋನು ಇದ್ದರೆಷ್ಟು, ಬಿಟ್ಟರೆಷ್ಟು" ಅಂದು ಬಂದಿದ್ದೆ. ಅದೊಂದೇ ಮಾತು ತಲೆಯಲ್ಲಿ ಬಡಿಯುತ್ತಿತ್ತು, ಆ ಗಂಟೆಯ ಹಾಗೆ. ಜನರನ್ನು ನೂಕಿಕೊಂಡು ಹೋದೆ. ಯಾರೋ ಕಿರುಚಿದರು. ಪಾಪಾ ಗ್ರಿಗೋರಿಸ್ ನನ್ನ ಮುಖ ನೋಡಿ ಧೂಪದ ಬಟ್ಟಲನ್ನು ಕಾಲ ಮೇಲೆ ಬೀಳಿಸಿಕೊಂಡು, ಪಾದ್ರಿ ಆಡಬಾರದ ಒಂದು ಮಾತು ಆಡಿದರು. ನಾನು ಯಾವುದನ್ನೂ ಲೆಕ್ಕಿಸಲಿಲ್ಲ. ಎರಡು ಮುಷ್ಟಿಯಿಂದ ಬಾಗಿಲು ಗುದ್ದಿ, "ಲಾಂಬಾಕೀ! ನನ್ನಪ್ಪಾ! ಲಾಂಬಾಕೀ!" ಅಂತ ಅರಚಿದೆ. ಒಳಗೆ ಕಾಲು ಎಳೆಯುವ ಸದ್ದು. ಬಾಗಿಲು ತೆರೆಯಿತು. ಪೈಜಾಮ, ಕೆದರಿದ ತಲೆ, ಕಿವಿಯಲ್ಲಿ ಹಾಡು ಕೇಳುವ ಆ ಎರಡು ಗುಂಡಿ. "ಏನು ತಾತ," ಅಂದ ನಿನ್ನ ಮಗ, "ಬೀಗ ಹಾಕಿರಲಿಲ್ವಲ್ಲ, ತಳ್ಳಿದ್ರೆ ಬರ್ತಿತ್ತು."

ಅವನ ಕೆನ್ನೆಗೊಂದು ಬಿಟ್ಟೆ. ಆಮೇಲೆ ತಬ್ಬಿಕೊಂಡೆ. ಮೊದಲು ತಬ್ಬಿದ್ದು, ಆಮೇಲೆ ಹೊಡೆದದ್ದು ಅಂತ ಕಲಿಯೋಪಿ ವಾದಿಸುತ್ತಾಳೆ, ಊರಿನಲ್ಲಿ ಈ ಬಗ್ಗೆ ಇನ್ನೂ ತೀರ್ಮಾನವಾಗಿಲ್ಲ. ಅವನ ಎದೆ ಬಡಿಯುವುದು ನನ್ನ ಎದೆಗೆ ತಾಗುತ್ತಿತ್ತು. ಅದು ಸಾಕಾಗಿತ್ತು ನನಗೆ.

ಆಗಿದ್ದೇನೆಂದರೆ, ನಾನು ಹೋದ ಮೇಲೆ ಹಬ್ಬದ ಫೋನುಗಳು ಬರಲು ಶುರುವಾಗಿ, ಯಾರಿಗೂ ಉತ್ತರ ಕೊಡಲಾರದೆ ಅವನು ಫೋನಿನ ವೈರು ಕಿತ್ತ. ಜನ ಬರುತ್ತಾರೆ, ಏನಪ್ಪಾ ಮಾಡ್ತಿದ್ದೀಯ ಅಂತ ಕೇಳುತ್ತಾರೆ ಎಂದು ಹೆದರಿ, ಒಂದು ಹಾಳೆಯಲ್ಲಿ ದಪ್ಪಕ್ಷರದಲ್ಲಿ "ಲಾಂಬಿಸ್ ಹಬ್ಬ ಮಾಡುವುದಿಲ್ಲ" ಎಂದು ಬರೆದು ಬಾಗಿಲಿಗೆ ಅಂಟಿಸಿ ಮಲಗಿಬಿಟ್ಟ. ಮೊದಲು ಓದಿದವಳು ಕಲಿಯೋಪಿ. ಇನ್ನೇನು ಬೇಕು? ತಟ್ಟಿದರೆ ಉತ್ತರವಿಲ್ಲ, ಫೋನ್ ಮಾಡಿದರೆ ಯಾರೂ ಎತ್ತುವುದಿಲ್ಲ, ಹುಡುಗ ಹೆಣದ ಪಕ್ಕ ಕಂಗಾಲಾಗಿ ಕೂತಿದ್ದಾನೆ ಅಂತ ತೀರ್ಮಾನಿಸಿದಳು. ಚರ್ಚಿನ ಗಂಟೆ ಹಗ್ಗವೂ ಅವಳ ಕೈಯಲ್ಲೇ ಇರುವುದು. ಗಂಟೆ ಬಾರಿಸಿ, ನಿನಗೆ ಫೋನ್ ಮಾಡಿ ಅಳಿಸಿ, ಸತ್ತವರ ಹೆಸರಿನಲ್ಲಿ ಬೇಯಿಸಿ ಹಂಚುವ ಗೋಧಿಯನ್ನೂ ಒಲೆಯ ಮೇಲಿಟ್ಟಿದ್ದಳು. ಎಂಥ ಚುರುಕು ನೋಡು. ನಾನು ನಿಜವಾಗಿ ಸತ್ತ ದಿನ ಅವಳಿರಬೇಕು, ನಿನಗೆ ಏನೂ ತೊಂದರೆಯಾಗುವುದಿಲ್ಲ.

ನನ್ನನ್ನು ಜೀವಂತ ಕಂಡು ಅವಳಿಗೆ ಬಂದ ಸಿಟ್ಟು ಹೇಳಲಾರೆ. ಆ ಹಾಳೆಯನ್ನು ಕಿತ್ತು ಹುಡುಗನ ಮುಖದ ಮುಂದೆ ಆಡಿಸಿದಳು: "ನೀನು ಲಾಂಬಾಕಿಸ್ ಕಣೋ! ಲಾಂಬಿಸ್ ಅಂದ್ರೆ ಈ ಮುದಿಯ! ನಿನ್ನ ಹೆಸರು ಬರೆಯೋಕೂ ಬರಲ್ವಾ ನಿನಗೆ?" ಅವನು ನೆಲ ನೋಡುತ್ತ, ಮೆಲ್ಲಗೆ, "ನನಗೆ ಮೂವತ್ತನಾಲ್ಕು ವರ್ಷ ಅತ್ತೆ. ನನ್ನ ಹೆಸರೂ ಅದೇ ಅಲ್ವಾ" ಅಂದ. ಕಲಿಯೋಪಿಯ ಬಾಯಿ ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವನು ಬಾಗಿಲು ಹಾಕಿಕೊಂಡು ಒಳಗೆ ಹೋಗಿಬಿಡುತ್ತಿದ್ದ, ಆದರೆ ಅಷ್ಟರಲ್ಲಿ ಕಲಿಯೋಪಿ ಸುಧಾರಿಸಿಕೊಂಡಳು. "ಸರಿ, ಲಾಂಬಿಸ್ ಆದ್ರೆ ಲಾಂಬಿಸ್. ಕಪ್ಪು ಬಟ್ಟೆ ಹಾಕ್ಕೊಂಡು, ಬ್ರಾಂಡಿ ಹಿಡ್ಕೊಂಡು ಇಷ್ಟು ಜನ ಬಂದಿದ್ದೀವಿ. ಬರಿಬಾಯಲ್ಲಿ ಹೋಗಲ್ಲ. ಹಬ್ಬ ನಿನ್ನದು, ಸಿಹಿ ಕೊಡು!" "ನನ್ನ ಕೈಲಾಗಲ್ಲ ಅತ್ತೆ." "ನಿನ್ನ ಕೈ ಯಾರಿಗೆ ಬೇಕು? ನನಗಿಲ್ವಾ ಕೈ?" ಅಂತ ಅವನನ್ನು ಸರಿಸಿ ಸೀದಾ ನಮ್ಮ ಅಡುಗೆಮನೆಗೆ ನುಗ್ಗಿದಳು.

ಲುಕುಮಾದೆಸ್ ಮಾಡುತ್ತೇನೆಂದು ಹಿಟ್ಟಿನ ಡಬ್ಬ ಕವುಚಿದಳು. ನೀನು ತಿಂದಿದ್ದೀಯಲ್ಲ ಅವಳ ಲುಕುಮಾದೆಸ್? ಎಣ್ಣೆಯಲ್ಲಿ ಕರಿದ ಮೆತ್ತನೆ ಉಂಡೆ ಆಗಬೇಕಾದದ್ದು ಅವಳ ಕೈಯಲ್ಲಿ ಜೇನಿನಲ್ಲಿ ಅದ್ದಿದ ಗೋಲಿ. ನಿನ್ನ ಮಗ ಬಾಗಿಲ ಚೌಕಟ್ಟಿಗೆ ಒರಗಿ ನೋಡುತ್ತ ನಿಂತ. ಅವಳು ಅಳತೆಯಿಲ್ಲದೆ ಹಿಟ್ಟು ಸುರಿದಳು, ಅವನು ತುಟಿ ಕಚ್ಚಿದ. ಉಪ್ಪನ್ನು ಈಸ್ಟಿನ ಮೇಲೇ ಹಾಕಿದಳು, ಅವನು ಕಣ್ಣು ಮುಚ್ಚಿದ. ಕುದಿಯುವ ಕೆಟಲನ್ನು ಎತ್ತಿದಳು, ಆಗ ಅವನಿಗೆ ತಡೆಯಲಾಗಲಿಲ್ಲ. "ಅತ್ತೆ, ಆ ನೀರು ಸುಡ್ತಿದೆ! ಈಸ್ಟು ಸತ್ತುಹೋಗುತ್ತೆ!" "ಸಾಯ್ಲಿ ಬಿಡು, ಹೇಗೂ ಸಾವಿನ ಮನೆ ತಾನೆ!" ಹೊರಗೆ ಕಿಟಕಿಯ ಹತ್ತಿರ ನಿಂತಿದ್ದವರು ಗೊಳ್ಳೆಂದು ನಕ್ಕರು. ಮಗಳೇ, ಅವನೂ ನಕ್ಕ. ಚಳಿಗಾಲವಿಡೀ ಆ ಮನೆಯಲ್ಲಿ ಕೇಳದ ಸದ್ದು ಅದು. ನಗುತ್ತಲೇ ಕೆಟಲನ್ನು ಅವಳ ಕೈಯಿಂದ ಕಿತ್ತುಕೊಂಡ, ಇಡೀ ಪಾತ್ರೆಯನ್ನು ಕೋಳಿಗೆ ಸುರಿದು ಬಂದ, ಕೈ ತೊಳೆದ, ಅಂಗಿಯ ತೋಳು ಮಡಚಿದ. "ಸರೀರಿ ಆ ಕಡೆ" ಅಂದ. ಕಲಿಯೋಪಿಗೆ! ಅವಳು ಸರಿದಳು!

ಹಿಟ್ಟು ಉಬ್ಬುವುದಕ್ಕೆ ಹೊತ್ತು ಬೇಕಲ್ಲ. ಅಲ್ಲಿಯವರೆಗೆ ಊರು ಏನು ಮಾಡಿತು ಗೊತ್ತೇ? ಅಂಗಳದಲ್ಲಿ ಕೂತು ಬ್ರಾಂಡಿ ಬಗ್ಗಿಸಿಕೊಂಡು, ನನ್ನ ಹೆಣದ ಮುಂದೆ ಹೇಳಬೇಕೆಂದಿದ್ದ ಮಾತುಗಳನ್ನೆಲ್ಲ ನನ್ನ ಮುಖದ ಮುಂದೆಯೇ ಹೇಳಿತು. ಅಳುವುದಕ್ಕೆಂದು ತಯಾರಾಗಿ ಬಂದವರು, ಹಾಗೇ ಬಿಡುವುದಕ್ಕೆ ಮನಸ್ಸಿಲ್ಲ. ನನ್ನ ಬಾಯಿ ಗಟಾರವಂತೆ, ಆದರೆ ಗಾಣದಲ್ಲಿ ಯಾರ ಎಣ್ಣೆಗೂ ಮೋಸ ಮಾಡಲಿಲ್ಲವಂತೆ. ಕೆಮ್ಮುತ್ತಿದ್ದ ಪಾನಾಯೋತಿಸ್, "ಈ ಹಾಳು ಮನುಷ್ಯ ಹೋದ್ರೆ ನನಗೆ ಜಗಳಕ್ಕೆ ಯಾರೂ ಇರಲ್ವಲ್ಲ ಅಂತ ಕಣ್ಣೀರೇ ಬಂದಿತ್ತು" ಅಂದ. ಕಲಿಯೋಪಿಯ ಗೋಧಿಯೂ ಬಂತು, ದಾಳಿಂಬೆ, ಸಕ್ಕರೆ ಉದುರಿಸಿ ತಿಂದೆವು. ನನ್ನ ತಿಥಿಯ ಊಟವನ್ನು ನಾನೇ ಎರಡು ಸಲ ಬಡಿಸಿಕೊಂಡು ತಿಂದೆ. ಆಮೇಲೆ ಲುಕುಮಾದೆಸ್ ಬಂತು. ತಟ್ಟೆಯ ಮೇಲೆ ತಟ್ಟೆ. ಮೇಲೆ ಗರಿಗರಿ, ಒಳಗೆ ಮೋಡ. ಜೇನು ಗಡ್ಡಕ್ಕೆ ಹತ್ತಿ ಪಾಪಾ ಗ್ರಿಗೋರಿಸ್ ಮಾತೇ ನಿಲ್ಲಿಸಿದರು. ಹಬ್ಬದ ಮಾತು ಹೇಳಬೇಕೋ, ಸಾವಿನ ಮನೆಯ ಮಾತು ಹೇಳಬೇಕೋ ತಿಳಿಯದೆ ಜನ ಹೊರಡುವಾಗ ಎರಡನ್ನೂ ಹೇಳಿದರು. ಎರಡರಲ್ಲೂ ಆಯಸ್ಸಿನ ಮಾತೇ ತಾನೆ ಇರುವುದು, ನಾವಿಬ್ಬರೂ ತೆಗೆದುಕೊಂಡೆವು.

ಇಷ್ಟಕ್ಕೇ ಎಲ್ಲ ಸರಿಹೋಯಿತು ಅಂದರೆ ನೀನು ನಂಬಬೇಡ. ಮರುದಿನ ಮತ್ತೆ ಕೋಣೆ ಸೇರಿ ಗೋಡೆ ನೋಡುತ್ತಿದ್ದ. ಆದರೆ ಆವತ್ತು ಅಂಗಳದಲ್ಲಿ ಒಬ್ಬ ಮನುಷ್ಯ ಒಂದು ಮಾತೂ ಆಡದೆ ಮೂಲೆಯಲ್ಲಿ ಕೂತು ತಟ್ಟೆ ಖಾಲಿ ಮಾಡಿದ್ದ. ಬೇಕರಿ ಮಿಲ್ತೋಸ್. ಮಂಡಿ ಹೋಗಿ ಭಟ್ಟಿ ಆರಿಸಿದ್ದಾನಲ್ಲ, ಅಂದಿನಿಂದ ಊರಿಗೆ ಬ್ರೆಡ್ಡು ಬರುವುದು ಪೇಟೆಯ ವ್ಯಾನಿನಲ್ಲಿ, ಸ್ಪಂಜು ತಿಂದ ಹಾಗೆ. ಅವನು ಕೋಲೂರಿಕೊಂಡು ಬಂದು ಹುಡುಗನ ಮಂಚದ ಮೇಲೇ ಕೂತ. ಇವನದು ಅದೇ ಹಾಡು: "ನನ್ನನ್ನ ಲೆಕ್ಕಕ್ಕೆ ತಗೋಬೇಡಿ ಮಿಲ್ತೋಸ್ ಮಾವ. ಒಂದು ಅಂಗಡಿ ಮುಳುಗಿಸಿದವನು ನಾನು." "ಅಂಗಡಿ ನಡೆಸು ಅಂತ ಯಾರಂದ್ರು ನಿನಗೆ? ಭಟ್ಟಿಗೆ ಸೌದೆ ಹಾಕೋಕೆ ನನಗೆ ಬಗ್ಗಕ್ಕಾಗಲ್ಲ. ಬೆಳಗ್ಗೆ ಬಂದು ಬಗ್ಗು, ಅಷ್ಟೆ" ಅಂದ ಮಿಲ್ತೋಸ್. ಕಳ್ಳ! ಸೌದೆ ಹಾಕಿದವನು ಹಿಟ್ಟು ಮುಟ್ಟದೆ ಇರುತ್ತಾನೆಯೇ? ಮೊದಲ ಸಲ ಬೇಯಿಸಿದ ಬ್ರೆಡ್ಡು ಕಡಲಿನಷ್ಟು ಉಪ್ಪು. ಗಾಬರಿಯಲ್ಲಿ ಎರಡು ಸಲ ಉಪ್ಪು ಹಾಕಿದ್ದ. ಮನೆಗೆ ಬಂದು ಹೊದ್ದು ಮಲಗಿದ. ನನ್ನ ನಾಲಗೆ ತುದಿಗೆ ಏನೇನೋ ಬೈಗುಳ ಬಂತು, ಆದರೆ ಗುಡ್ಡದಿಂದ ಇಳಿದು ಬಂದ ಆ ಮಧ್ಯಾಹ್ನ ನೆನಪಾಯಿತು. ಬಾಗಿಲಲ್ಲಿ ನಿಂತು ಇಷ್ಟೇ ಹೇಳಿದೆ: "ನಿನ್ನ ಬ್ರೆಡ್ಡು ಆಡಿಗೆ ಹಾಕಿದೆ. ಆಡು ಇನ್ನೂ ಬೇಕು ಅಂತಿದೆ. ನಾಳೆ ಮನುಷ್ಯರಿಗೆ ಮಾಡು." ಬೆಳಗ್ಗೆ ನಾನು ಏಳುವಷ್ಟರಲ್ಲಿ ಹಾಸಿಗೆ ಖಾಲಿ, ಮಿಲ್ತೋಸ್‌ನ ಹೊಗೆಗೂಡಿನಲ್ಲಿ ಹೊಗೆ!

ಈಸ್ಟರ್ ಮುಂಚಿನ ಉಪವಾಸ ಶುರುವಾಗುವ ಸೋಮವಾರ ನೀನು ನೋಡಬೇಕಿತ್ತು. ಆವತ್ತು ಎಳ್ಳು ಉದುರಿಸಿದ ಚಪ್ಪಟೆ ಬ್ರೆಡ್ಡು ಇಲ್ಲದೆ ಯಾವ ಮನೆಯಲ್ಲೂ ಊಟವಿಲ್ಲವಲ್ಲ. ಬೇಕರಿ ಮುಂದೆ ಸಾಲು, ಸಾಲು ತಿರುಗಿ ಚರ್ಚಿನ ಗೋಡೆಯವರೆಗೆ. ಪೇಟೆಯ ವ್ಯಾನಿನವನು ಹಾರನ್ ಹೊಡೆದು ಹೊಡೆದು ಸುಸ್ತಾಗಿ ಗಾಡಿ ತಿರುಗಿಸಿದ, ಕಾಫಿ ಅಂಗಡಿಯವರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ನಾನೂ ಸಾಲಿನಲ್ಲಿ ನಿಂತಿದ್ದೆ, ತಾತ ಅಂತ ಮುಂದೆ ಬಿಡಲಿಲ್ಲ ಪಾಪಿಗಳು. ಮುಂದಿನಿಂದ ಯಾರೋ, "ಲಾಂಬಿಸ್! ನನಗೆರಡು!" ಅಂತ ಕೂಗಿದರು. "ಏನ್ರೋ? ನನ್ನ ಹತ್ತಿರ ಎಲ್ಲಿದೆ?" ಅಂತ ನಾನು ತಲೆ ಎತ್ತಿದೆ. ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ಒಳಗಿನಿಂದ, ಮುಖವೆಲ್ಲ ಹಿಟ್ಟು ಮಾಡಿಕೊಂಡವನು, "ಬಂದೆ!" ಅಂದ.

ಎಪ್ಪತ್ತೊಂಬತ್ತು ವರ್ಷ ನನ್ನದಾಗಿದ್ದ ಹೆಸರು ಮಗಳೇ, ಒಂದು ಬೆಳಗ್ಗೆ ಕೈಬಿಟ್ಟು ಹೋಯಿತು. ಈಗ ನನ್ನನ್ನು ಮುದುಕ ಲಾಂಬಿಸ್ ಅನ್ನುತ್ತಾರೆ. ಸಿಟ್ಟು ಬರಬೇಕಿತ್ತು. ಬಿಸಿ ಬ್ರೆಡ್ಡನ್ನು ಕಂಕುಳಲ್ಲಿಟ್ಟುಕೊಂಡು ಹಿಂದಿನ ಓಣಿಯಿಂದ ಮನೆಗೆ ಬಂದೆ, ಕೋಳಿಗಳ ನಡುವಿನಿಂದ. ಮುದುಕ ಬೀದಿಯಲ್ಲಿ ಅತ್ತ ಅಂತ ಕಲಿಯೋಪಿ ಗಂಟೆ ಬಾರಿಸಬಾರದಲ್ಲ.

ಹಾಳೆ ಮುಗಿಯಿತು. ಬೆನ್ನು ಬೆಚ್ಚಗಿಟ್ಟುಕೋ, ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಅಮ್ಮನ ಗೋರಿಗೆ ದೀಪ ಹಚ್ಚಿ ಬಂದೆ, ಅವಳಿಗೂ ಎಲ್ಲ ಹೇಳಿದ್ದೇನೆ. ನಮ್ಮ ಸಂತ ನಿನ್ನನ್ನೂ ಆ ಮಾತು ತಿಳಿಯದ ನಿನ್ನ ಗಂಡನನ್ನೂ ಕಾಪಾಡಲಿ.

ಇನ್ನೂ ಸಾಯದ ನಿನ್ನ ಅಪ್ಪ,
ಮುದುಕ ಲಾಂಬಿಸ್

ಮರೆತಿದ್ದೆ. ಕವರು ಅಂಟಿಸುವ ಮುಂಚೆ ಬರೆಯುತ್ತಿದ್ದೇನೆ, ಬರೆಯಬೇಕಾದದ್ದು ಇದೇ. ಅವನ ಟಿಕೆಟ್ ರದ್ದು ಮಾಡಿಸು. ಹೇಳುವುದಕ್ಕೆ ಅವನಿಗೆ ಸಂಕೋಚ, ನೀನು ನೊಂದುಕೊಳ್ಳುತ್ತೀಯ ಅಂತ. ನೀನು ಬಾ. ಅವನನ್ನು ಕರೆದೊಯ್ಯಲು ಈಸ್ಟರ್ ಮುಗಿದ ಮೇಲೆ ಬರಬೇಡ, ಹಬ್ಬಕ್ಕೇ ಬಾ, ಹೋರ್ಸ್ಟ್‌ನನ್ನೂ ಕರೆದುಕೊಂಡು ಬಾ. ಬ್ರೆಡ್ಡು ಬೇಕಾದರೆ ಸಾಲಿನಲ್ಲಿ ನಿಲ್ಲಬೇಕು, ಅಮ್ಮ ಅಂತ ಬಿಡುವುದಿಲ್ಲ ಇಲ್ಲಿ. ಹಬ್ಬದ ಊಟಕ್ಕೆ ಎಷ್ಟು ಜನ ಅಂತ ನಿನ್ನೆ ಕಲಿಯೋಪಿ ಎಣಿಸುತ್ತಿದ್ದಾಗ ಒಳಗಿನಿಂದ ಅವನೇ ಕೂಗಿದ: "ನನ್ನನ್ನೂ ಲೆಕ್ಕಕ್ಕೆ ತಗೊಳ್ಳಿ ಅತ್ತೆ." ಈಗ ಅವನು ಸ್ತಾಥಿಸ್ ಜೊತೆ ಗುಡ್ಡಕ್ಕೆ ಹೋಗಿದ್ದಾನೆ, ಭಾನುವಾರವಲ್ಲವೇ. ಅಂಚೆ ಡಬ್ಬಕ್ಕೆ ಹೋಗಬೇಕಾದರೆ ನಾನು ಬೇಕರಿ ದಾಟಬೇಕು. ಬೆಳಗ್ಗೆ ದಾಟುವಾಗ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದು ಕಂಡು ನನ್ನ ಎದೆ ಧಸಕ್ಕೆಂದಿತ್ತು. ಹತ್ತಿರ ಹೋಗಿ ಓದಿದೆ. ಅದೇ ದಪ್ಪಕ್ಷರ: "ಇವತ್ತು ರಜೆ. ಯಾರೂ ಸತ್ತಿಲ್ಲ. ನಾಳೆ ಬನ್ನಿ. ಇಂತಿ, ಲಾಂಬಿಸ್."